ಮನೆಮಂದಿಗೆಲ್ಲ ಒಂದೇ ಹೆಲ್ತ್ ಚೆಕಪ್ ಪ್ಯಾಕೇಜ್ ಮಾಡಿಸಬಹುದೇ?

ಮನೆಮಂದಿ_ದಾವಣಗೆರೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಲ್ಯಾಬಿನವರ ಒಂದು ಪ್ಯಾಕೇಜ್ ನೋಡಿದೆ. 84 ಟೆಸ್ಟ್, ತಲೆಗೆ 1,999 ರೂಪಾಯಿ, ನಾಲ್ಕು ಜನ ಸೇರಿದರೆ ರಿಯಾಯಿತಿ. ಕ್ಯಾನ್ಸರ್ ಮಾರ್ಕರ್ ಬೇಕಿದ್ದರೆ ಇನ್ನೂ 900. ದೊಡ್ಡವರು ನಾಲ್ವರಿಗೂ ಇದನ್ನೇ ಮಾಡಿಸುವ ಯೋಚನೆ. ಯಾರಿಗೆ ಏನು ಬೇಕು, ಏನು ಬೇಡ, ಬಲ್ಲವರು ದಯವಿಟ್ಟು ಹೇಳಿ.

ಅಪ್ಪನಿಗೆ 63. ಬೀಡಿ ಬಿಟ್ಟು ಎಂಟು ವರ್ಷ ಆಯಿತು, ಎಲೆಅಡಿಕೆ ಜೊತೆ ಹೊಗೆಸೊಪ್ಪು ಮಾತ್ರ ಬಿಟ್ಟಿಲ್ಲ. ಯಾವ ಮಾತ್ರೆಯೂ ಇಲ್ಲ. ಅಮ್ಮನಿಗೆ 58, ಆರು ವರ್ಷದಿಂದ ಶುಗರ್, ಮೆಟ್‌ಫಾರ್ಮಿನ್ ತಗೋತಾರೆ. ಚೆನ್ನಾಗಿ ಕಾಣುತ್ತದೆ ಅಂತ ಕಣ್ಣಿನ ಪರೀಕ್ಷೆ ಒಮ್ಮೆಯೂ ಆಗಿಲ್ಲ. ನನಗೆ 36, ಏನೂ ತೊಂದರೆ ಇಲ್ಲ. ಹೆಂಡತಿಗೆ 33, ಈಗ ಬಾಣಂತಿ. ಬಸುರಿಯಲ್ಲಿ ಶುಗರ್ ಬಂದಿತ್ತು, ಹೆರಿಗೆ ಆದಮೇಲೆ ನಾರ್ಮಲ್ ಅಂದರು. ಮಗಳಿಗೆ 8. ಮಗ ಹುಟ್ಟಿ 18 ದಿನ. ಅವನು 33 ವಾರಕ್ಕೇ ಹುಟ್ಟಿದ್ದು, ತೂಕ 1,700 ಗ್ರಾಂ, 12 ದಿನ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದ್ದ. ಈಗ ಮನೆಯಲ್ಲಿ ಚೆನ್ನಾಗಿ ಹಾಲು ಕುಡಿಯುತ್ತಾನೆ. ಮಕ್ಕಳಿಬ್ಬರಿಗೂ ಸದ್ಯ ಏನೂ ಬೇಕಾಗಲಿಕ್ಕಿಲ್ಲ ಅಂದುಕೊಂಡಿದ್ದೇನೆ.

ಶಿಶು_ವಿಭಾಗ

ಪ್ಯಾಕೇಜಿನ ಮಾತು ಆಮೇಲೆ. ನಿಮ್ಮ ಮನೆಯಲ್ಲಿ ದಿನ ಎಣಿಸಿ ಮಾಡಿಸಬೇಕಾದ ತಪಾಸಣೆ ಇರುವುದು ಆ 18 ದಿನದ ಕೂಸಿಗೆ. ಇವತ್ತೇ ಫೋನ್ ಮಾಡಿ.

34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದ ಮಗುವಿಗೆ ಹುಟ್ಟಿದ 30 ದಿನದೊಳಗೆ ಅಕ್ಷಿಪಟಲದ, ಅಂದರೆ ಕಣ್ಣಿನ ಒಳಗಿನ ಪರದೆಯ, ಪರೀಕ್ಷೆ ಆಗಲೇಬೇಕು. ನಿಮ್ಮ ಮಗು ಎರಡೂ ಲೆಕ್ಕಕ್ಕೆ ಬರುತ್ತದೆ, ಉಳಿದಿರುವುದು 12 ದಿನ. ದಿನ ತುಂಬದೆ ಹುಟ್ಟಿದ ಮಗುವಿನಲ್ಲಿ ಅಕ್ಷಿಪಟಲದ ರಕ್ತನಾಳಗಳು ಇನ್ನೂ ಅಂಚಿನವರೆಗೆ ಬೆಳೆದಿರುವುದಿಲ್ಲ. ಹೊರಗೆ ಬಂದಮೇಲೆ ಅವು ಅಡ್ಡಾದಿಡ್ಡಿ ಬೆಳೆದರೆ ಪಟಲವನ್ನೇ ಎಳೆದು ಕಿತ್ತುಬಿಡುತ್ತವೆ. ಇದಕ್ಕೆ ಆರ್‌ಒಪಿ ಅನ್ನುತ್ತಾರೆ. ಸಮಯಕ್ಕೆ ಸಿಕ್ಕರೆ ಲೇಸರಿನಿಂದಲೋ ಇಂಜೆಕ್ಷನ್‌ನಿಂದಲೋ ದೃಷ್ಟಿ ಉಳಿಸಬಹುದು. ತಡವಾದರೆ ಆ ಕುರುಡನ್ನು ಹಿಂದಿರುಗಿಸಲು ಆಗುವುದಿಲ್ಲ. ಹೊರಗಿನಿಂದ ನೋಡಿದರೆ ಕಣ್ಣು ಫಳಫಳ ಹೊಳೆಯುತ್ತಲೇ ಇರುತ್ತದೆ, ಮಗು ಹಾಲು ಕುಡಿಯುತ್ತಲೇ ಇರುತ್ತದೆ, ಮನೆಯವರಿಗೆ ಸುಳಿವೇ ಸಿಗುವುದಿಲ್ಲ. ಡಿಸ್ಚಾರ್ಜ್ ಸಮರಿ ತೆಗೆದು 'ಆರ್‌ಒಪಿ ಸ್ಕ್ರೀನಿಂಗ್' ಅಂತ ತಾರೀಖು ಬರೆದಿದ್ದಾರೆಯೇ ನೋಡಿ. ಬರೆದಿಲ್ಲದಿದ್ದರೆ ಬೇಡ ಅಂತ ಅರ್ಥವಲ್ಲ. ಮಗು ಇದ್ದ ಎನ್‌ಐಸಿಯುಗೇ ಕೇಳಿ, ಇಲ್ಲವೇ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕಕ್ಕೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಕಿಡ್‌ರಾಪ್ ತಂಡ 2008ರಿಂದ ಜಿಲ್ಲೆಗಳ ಎನ್‌ಐಸಿಯುಗಳಿಗೆ ಕ್ಯಾಮೆರಾ ಒಯ್ದು ಕೂಸುಗಳ ಕಣ್ಣಿನ ಚಿತ್ರ ತೆಗೆಯುತ್ತಿದೆ. ಅದಕ್ಕೇ ಈ ಪರೀಕ್ಷೆಗೆ ಬೆಂಗಳೂರಿಗೇ ಓಡಬೇಕೆಂದಿಲ್ಲ.

ಇನ್ನೆರಡು ಇವೆ. ಕಿವಿ: ಐದು ದಿನಕ್ಕಿಂತ ಹೆಚ್ಚು ಎನ್‌ಐಸಿಯುನಲ್ಲಿದ್ದ ಮಗುವಿಗೆ ಕಿವಿಯಲ್ಲಿ ಸಣ್ಣ ಬಿರಡೆ ಇಟ್ಟು ಮಾಡುವ ಒಎಇ ಒಂದೇ ಸಾಲದು, ಶಬ್ದಕ್ಕೆ ಕಿವಿಯ ನರ ಹೇಗೆ ಸ್ಪಂದಿಸುತ್ತದೆ ಅಂತ ನೋಡುವ ಎಎಬಿಆರ್ ಆಗಬೇಕು. ಒಎಇ ಒಳಕಿವಿಯನ್ನು ಮಾತ್ರ ನೋಡುತ್ತದೆ. ಅಲ್ಲಿಂದ ಮಿದುಳಿಗೆ ಹೋಗುವ ನರದ ತೊಂದರೆ ಅದರಲ್ಲಿ ತಪ್ಪಿಹೋಗುತ್ತದೆ. ಒಂದು ತಿಂಗಳೊಳಗೆ ಸ್ಕ್ರೀನಿಂಗ್, ಮೂರು ತಿಂಗಳೊಳಗೆ ಖಚಿತ ರೋಗನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಅಥವಾ ತರಬೇತಿ ಶುರು, ಇದು ಲೆಕ್ಕ. ಸಂಶಯ ಬಂದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಥೈರಾಯ್ಡ್: ಹುಟ್ಟಿದ 48ರಿಂದ 72 ಗಂಟೆಯಲ್ಲಿ ಹಿಮ್ಮಡಿ ಚುಚ್ಚಿ ರಕ್ತ ತೆಗೆದಿದ್ದರೂ ದಿನ ತುಂಬದ ಮಗುವಿಗೆ ಎರಡರಿಂದ ನಾಲ್ಕು ವಾರದ ನಡುವೆ ಟಿಎಸ್‌ಎಚ್ (ಥೈರಾಯ್ಡ್ ಕಡಿಮೆ ಇದ್ದರೆ ಏರುವ ಹಾರ್ಮೋನು) ಇನ್ನೊಮ್ಮೆ ನೋಡಬೇಕು. ಅವರಲ್ಲಿ ಟಿಎಸ್‌ಎಚ್ ತಡವಾಗಿ ಏರುತ್ತದೆ, ಮೊದಲ ಸಲ ನಾರ್ಮಲ್ ಬಂದು ಮೋಸ ಮಾಡುತ್ತದೆ. ಕಣ್ಣು, ಕಿವಿ, ಥೈರಾಯ್ಡ್ ಮೂರಕ್ಕೂ ನಿಮ್ಮ ಮಗುವಿಗೆ ಸಮಯ ಈಗಲೇ.

ಲಸಿಕೆಯ ವಿಷಯದಲ್ಲಿ ತುಂಬ ಮನೆಗಳಲ್ಲಿ ಒಂದು ಗೊಂದಲ ಆಗುತ್ತದೆ. ಬೆಳವಣಿಗೆ ಅಳೆಯುವಾಗ, ಅಂದರೆ ಕತ್ತು ನಿಂತಿತೇ, ಮಗುಚಿಕೊಂಡಿತೇ ಅನ್ನುವಾಗ, ಏಳು ವಾರ ಮುಂಚೆ ಹುಟ್ಟಿದ್ದನ್ನು ವಯಸ್ಸಿನಿಂದ ಕಳೆಯಬೇಕು. ಎರಡು ವರ್ಷದವರೆಗೆ ಹೀಗೇ. ಲಸಿಕೆಗೆ ಮಾತ್ರ ಕಳೆಯಬಾರದು. ಹುಟ್ಟಿದ ತಾರೀಖಿನಿಂದಲೇ 6, 10, 14 ವಾರ. ತಾಯಿ ಕಾರ್ಡ್ ಹಿಡಿದುಕೊಂಡೇ ಹೋಗಿ.

ಮಗಳಿಗೆ ರಕ್ತಪರೀಕ್ಷೆ ಏನೂ ಬೇಡ. ಎತ್ತರ, ತೂಕ, ಹಲ್ಲು, ಮತ್ತು ಒಂದೊಂದೇ ಕಣ್ಣು ಮುಚ್ಚಿ ದೂರದ ಅಕ್ಷರ ಓದಿಸುವುದು. ಎರಡೂ ಕಣ್ಣು ತೆರೆದು ಓದಿಸಿದರೆ ಒಳ್ಳೆಯ ಕಣ್ಣು ಸೋಮಾರಿ ಕಣ್ಣಿನ ಕೆಲಸವನ್ನೂ ಮಾಡಿಬಿಡುತ್ತದೆ, ದೋಷ ಗೊತ್ತಾಗುವುದಿಲ್ಲ. ಸರ್ಕಾರಿ ಶಾಲೆಯಾದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಬರುತ್ತದೆ, ಅಂಗನವಾಡಿಗೆ ಎರಡು ಸಲ. ಅವರು ಕೊಡುವ ರೆಫರಲ್ ಚೀಟಿ ಬ್ಯಾಗಿನ ತಳದಲ್ಲೇ ಉಳಿಯುವುದುಂಟು, ಒಮ್ಮೆ ಹುಡುಕಿ. 9 ತುಂಬಿದಮೇಲೆ ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್) ಲಸಿಕೆ ಬಗ್ಗೆ ಮಕ್ಕಳ ವೈದ್ಯರನ್ನು ಕೇಳಿ. 10ಕ್ಕೆ ಟಿಡಿ (ಧನುರ್ವಾಯು, ಡಿಫ್ತೀರಿಯಾ) ಲಸಿಕೆ, 16ಕ್ಕೆ ಮತ್ತೊಂದು.

ಲ್ಯಾಬ್_ಮೇಜು

84 ಟೆಸ್ಟ್ ಅನ್ನುವ ಲೆಕ್ಕ ಹೇಗೆ ಬರುತ್ತದೆ ಅಂತ ಬಿಡಿಸಿ ಹೇಳುತ್ತೇನೆ. ಒಂದು ಚಿಕ್ಕ ನೇರಳೆ ಮುಚ್ಚಳದ ಟ್ಯೂಬು ಮೆಷೀನಿನೊಳಗೆ ಹೋದರೆ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಬರುತ್ತದೆ. ಅದರಲ್ಲೇ ಇಪ್ಪತ್ತರ ಮೇಲೆ ಸಾಲುಗಳು. ಮೂತ್ರ ಪರೀಕ್ಷೆಯಲ್ಲಿ ಬಣ್ಣ, ತಿಳಿಯಾಗಿದೆಯೇ ಎಂಬುದೂ ಸೇರಿ ಇಪ್ಪತ್ತರ ಹತ್ತಿರ. ಲಿವರ್‌ನಲ್ಲಿ ಹತ್ತು ಹನ್ನೆರಡು. ಇದರಲ್ಲಿ ಎಷ್ಟೋ ಸಾಲು ಪರೀಕ್ಷೆಯೇ ಅಲ್ಲ, ಬರೀ ಲೆಕ್ಕ. ಒಟ್ಟು ಪ್ರೋಟೀನಿನಲ್ಲಿ ಆಲ್ಬುಮಿನ್ ಕಳೆದರೆ ಗ್ಲೋಬ್ಯುಲಿನ್, ಎರಡನ್ನೂ ಭಾಗಿಸಿದರೆ ಎ/ಜಿ ರೇಷಿಯೋ. ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಿದರೆ ವಿಎಲ್‌ಡಿಎಲ್ ಅನ್ನುವ ಕೊಲೆಸ್ಟ್ರಾಲ್. ಇವೆಲ್ಲ ಒಂದೊಂದು 'ಟೆಸ್ಟ್' ಆಗಿ ಎಣಿಕೆಗೆ ಸೇರುತ್ತವೆ. ನಿಮ್ಮ ತಾಯಿಯವರಿಗೆ ನಿಜಕ್ಕೂ ಬೇಕಾದ, ಶುಗರ್‌ನಿಂದ ಮೂತ್ರಪಿಂಡಕ್ಕೆ ಪೆಟ್ಟಾಗಿದೆಯೇ ಅಂತ ತೋರಿಸುವ ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ರೇಷಿಯೋ ಆ 84ರಲ್ಲಿ ಇದೆಯೇ ಅಂತ ಮೊದಲು ನೋಡಿ. ಇಂಥ ಪಟ್ಟಿಗಳಲ್ಲಿ ಬಿಟ್ಟುಹೋಗುವುದು ಅದೇ.

ಹೆಚ್ಚು ಸಾಲು ಇದ್ದರೆ ಹೆಚ್ಚು ಭದ್ರ ಅನ್ನುವುದು ಸರಿಯಲ್ಲ. ನಾರ್ಮಲ್ ರೇಂಜ್ ಅನ್ನುವುದನ್ನು ಆರೋಗ್ಯವಂತರಲ್ಲಿ ನೂರಕ್ಕೆ 95 ಜನ ಒಳಗೆ ಬರುವ ಹಾಗೆ ಗೆರೆ ಎಳೆದು ಮಾಡಿರುತ್ತಾರೆ. ಉಳಿದ ಐದು ಜನ ರೋಗವಿಲ್ಲದೆಯೇ ಗೆರೆಯಾಚೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಪೂರ್ತಿ ಆರೋಗ್ಯವಾಗಿರುವವರಲ್ಲೂ ಒಂದಾದರೂ ದಪ್ಪಕ್ಷರದಲ್ಲಿ ಬರುವ ಸಾಧ್ಯತೆ ನೂರಕ್ಕೆ 64. ಆಮೇಲೆ ಆ ಒಂದು ಸಾಲಿನ ಬೆನ್ನು ಹತ್ತಿ ಸ್ಕ್ಯಾನು, ಮತ್ತೆ ರಕ್ತ, ಮನೆಯಲ್ಲಿ ನಿದ್ದೆಗೇಡು.

ಕ್ಯಾನ್ಸರ್ ಮಾರ್ಕರ್‌ಗೆ 900 ಖಂಡಿತ ಕೊಡಬೇಡಿ. ಸಿಎ-125 ಮುಟ್ಟಿನ ದಿನಗಳಲ್ಲಿ ಏರುತ್ತದೆ, ಎಂಡೋಮೆಟ್ರಿಯೋಸಿಸ್‌ನಲ್ಲಿ ಏರುತ್ತದೆ, ಹೊಟ್ಟೆಯ ಟಿಬಿಯಲ್ಲೂ ಏರುತ್ತದೆ. ಸಿಇಎ ಬೀಡಿ ಸಿಗರೇಟು ಸೇದುವವರಲ್ಲಿ ಸುಮ್ಮನೆ ಹೆಚ್ಚಿರುತ್ತದೆ, ಕ್ಯಾನ್ಸರ್ ಇದ್ದವರಲ್ಲೂ ಆರಂಭದಲ್ಲಿ ನಾರ್ಮಲ್ ಇರಬಹುದು. ಇವು ಇರುವುದು ಮುಖ್ಯವಾಗಿ ರೋಗ ಗೊತ್ತಾದವರಲ್ಲಿ ಚಿಕಿತ್ಸೆ ಹೇಗೆ ಸಾಗಿದೆ ಅಂತ ನೋಡಲು.

ಮನೆಯಲ್ಲೇ ರಕ್ತ ಕೊಡುವುದಾದರೆ ಎಡವುವುದು ಶುಗರ್ ಟ್ಯೂಬಿನಲ್ಲಿ. ರಕ್ತಕಣಗಳು ಟ್ಯೂಬಿನೊಳಗೂ ಸಕ್ಕರೆ ತಿನ್ನುತ್ತಲೇ ಇರುತ್ತವೆ. ಸಾದಾ ಟ್ಯೂಬಿನಲ್ಲಿ, ಕೋಣೆಯ ಬಿಸಿಯಲ್ಲಿ, ಗಂಟೆಗೆ ನೂರಕ್ಕೆ 5ರಿಂದ 7 ಇಳಿಯುತ್ತದೆ. ಬೈಕಿನ ಡಬ್ಬಿಯಲ್ಲಿ ಎರಡು ಗಂಟೆ ಸುತ್ತಿದರೆ 130 ಇದ್ದದ್ದು 115ರ ಆಸುಪಾಸಿಗೆ ಬಂದು, ಶುಗರ್ ಇದ್ದವರು ಇಲ್ಲದವರಾಗಿಬಿಡುತ್ತಾರೆ. ಹಾಗಾಗಿ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿಗೇ ಹಾಕುತ್ತಾರೆಯೇ ನೋಡಿ. ಅದರಲ್ಲೂ ಮೊದಲ ಒಂದೆರಡು ಗಂಟೆ ಸ್ವಲ್ಪ ಇಳಿತ ಇರುತ್ತದೆ, ಆದ್ದರಿಂದ ಐಸ್ ಪ್ಯಾಕ್ ಇದೆಯೇ, ಟ್ಯೂಬಿನ ಮೇಲೆ ಹೆಸರಿನ ಜೊತೆ ಸಮಯ ಬರೆದರೇ, ಕೇಳಿ. ತೋಳಿಗೆ ಕಟ್ಟುವ ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಇರಬಾರದು. ಮುಷ್ಟಿ ಬಿಗಿದು ಬಿಚ್ಚಿ ಮಾಡಿದರೆ, ಇಲ್ಲವೇ ರಕ್ತಕಣ ಒಡೆದರೆ, ಪೊಟ್ಯಾಸಿಯಂ ಸುಳ್ಳೇ ಏರುತ್ತದೆ.

ಖಾಲಿ ಹೊಟ್ಟೆ ಅಂದರೆ ಎಂಟರಿಂದ ಹತ್ತು ಗಂಟೆ. ನೀರು ಕುಡಿಯಬಹುದು, ಕುಡಿಯಲೇಬೇಕು, ಇಲ್ಲದಿದ್ದರೆ ನರ ಸಿಗುವುದಿಲ್ಲ. ಕಾಫಿ ಇಲ್ಲ. ಬಿಪಿ ಮಾತ್ರೆ ಇರುವವರು ಎಂದಿನಂತೆ ನೀರಿನ ಜೊತೆ ನುಂಗಬಹುದು. ಶುಗರ್ ಮಾತ್ರೆ ರಕ್ತ ಕೊಟ್ಟು ತಿಂಡಿ ತಿನ್ನುವಾಗ. ಇನ್ಸುಲಿನ್ ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಲಿ. ಕೂದಲಿಗೆ ಅಂತ ಬಯೋಟಿನ್ ತಗೋತಿದ್ದರೆ ಎರಡು ದಿನ ಮೊದಲೇ ನಿಲ್ಲಿಸಿ, ಥೈರಾಯ್ಡ್ ವರದಿಯನ್ನೇ ತಲೆಕೆಳಗು ಮಾಡುತ್ತದೆ. ಕೊಲೆಸ್ಟ್ರಾಲ್‌ಗೆ ಈಗ ಉಪವಾಸ ಕಡ್ಡಾಯವಲ್ಲ. ಟ್ರೈಗ್ಲಿಸರೈಡ್ 400 ದಾಟಿದರೆ ಮಾತ್ರ ಖಾಲಿ ಹೊಟ್ಟೆಯಲ್ಲಿ ಮತ್ತೆ ನೋಡಬೇಕು.

ತಾಲ್ಲೂಕು_ವೈದ್ಯ

ಮೇಲಿನವರಿಬ್ಬರೂ ಸರಿಯಾಗಿ ಹೇಳಿದ್ದಾರೆ. ದೊಡ್ಡವರ ವಿಷಯ ನಾನು ಹೇಳುತ್ತೇನೆ. ಸ್ಕ್ರೀನಿಂಗ್ ಅನ್ನುವುದು ತೊಂದರೆ ಇಲ್ಲದವರಿಗೆ. ಎದೆನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಮಲದಲ್ಲಿ ರಕ್ತ, ಮುಟ್ಟು ನಿಂತಮೇಲೆ ರಕ್ತಸ್ರಾವ ಇದ್ದರೆ ಪ್ಯಾಕೇಜಿಗೆ ಕಾಯದೆ ನೇರ ವೈದ್ಯರ ಹತ್ತಿರ ಹೋಗಬೇಕು. ಪ್ಯಾಕೇಜಿನಲ್ಲಿ ಎಲ್ಲ ನಾರ್ಮಲ್ ಬಂತಲ್ಲ ಅಂತ ರಕ್ತಸ್ರಾವವನ್ನು ಆರು ತಿಂಗಳು ತಳ್ಳಿಬಿಡುತ್ತಾರೆ, ಅದೇ ದೊಡ್ಡ ಅಪಾಯ.

ನಿಮ್ಮ ತಂದೆಯವರಿಗೆ ಮೊದಲು ಬೇಕಾದದ್ದು ಬಾಯಿ ಪರೀಕ್ಷೆ. ಖರ್ಚು ಒಂದು ಟಾರ್ಚು. ಹೊಗೆಸೊಪ್ಪು ಬಿಡಿ, ಬರೀ ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯ ಊರುಗಳಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಹಲ್ಲುಸೆಟ್ಟು ಇದ್ದರೆ ತೆಗೆದು, ಬಾಯಿ ಮುಕ್ಕಳಿಸಿ, ಬೆಳಕಿಗೆ ಕೂರಿಸಿ. ತುಟಿಯ ಒಳಗು, ಎರಡೂ ಕೆನ್ನೆಯ ಒಳಗು, ವಸಡು, ಅಂಗುಳ ನೋಡಿ. ಆಮೇಲೆ ನಾಲಿಗೆಯ ತುದಿಯನ್ನು ಬಟ್ಟೆಯಲ್ಲಿ ಹಿಡಿದು ಆಚೆ ಈಚೆ ಎಳೆದು ಎರಡೂ ಅಂಚು, ಕೊನೆಗೆ ನಾಲಿಗೆಯ ಕೆಳಗೆ. ಅಡಿಕೆ ಒತ್ತರಿಸಿ ಇಟ್ಟುಕೊಳ್ಳುವ ಮಗ್ಗುಲನ್ನು ಎರಡು ಸಲ ನೋಡಿ. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ವೆಲ್ವೆಟ್ಟಿನಂಥ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ತಮ್ಮದೇ ಮೂರು ಬೆರಳು ಒಂದರ ಮೇಲೊಂದು ಹಿಡಿಸದಷ್ಟು ಬಾಯಿ ಬಿಗಿಯಾಗಿರುವುದು, ಇವುಗಳಲ್ಲಿ ಒಂದಿದ್ದರೂ ದಂತವೈದ್ಯರಿಗೋ ಕಿವಿ-ಮೂಗು-ಗಂಟಲು ವೈದ್ಯರಿಗೋ ತೋರಿಸಿ. ನೋವಿಲ್ಲ ಅನ್ನುವುದು ಸಮಾಧಾನದ ಮಾತಲ್ಲ, ಶುರುವಿನಲ್ಲಿ ನೋವು ಇರುವುದೇ ಇಲ್ಲ.

ಅವರಿಗೆ ಬಿಪಿ, ಖಾಲಿ ಹೊಟ್ಟೆಯ ಶುಗರ್, ಕೊಲೆಸ್ಟ್ರಾಲ್, ಕ್ರಿಯಾಟಿನಿನ್ ಸಾಕು. ಕಣ್ಣಿನ ಒತ್ತಡ ಮತ್ತು ಪೊರೆ ಒಮ್ಮೆ ನೋಡಿಸಿ. ಶ್ವಾಸಕೋಶದ ಕ್ಯಾನ್ಸರ್ ಹುಡುಕುವ ಎದೆಯ ಲೋ-ಡೋಸ್ ಸಿಟಿ ಸ್ಕ್ಯಾನನ್ನು ಅಮೆರಿಕದಲ್ಲಿ 50ರಿಂದ 80ರವರೆಗಿನ, ತುಂಬ ಸಿಗರೇಟು ಸೇದಿದ, ಬಿಟ್ಟು 15 ವರ್ಷ ದಾಟದವರಿಗೆ ಹೇಳುತ್ತಾರೆ. ಬೀಡಿಗೆ ಆ ಲೆಕ್ಕ ನೇರವಾಗಿ ಕೂರುವುದಿಲ್ಲ. ಹಳೆಯ ಟಿಬಿಯ ಕಲೆಗಳು ನಮ್ಮಲ್ಲಿ ಗಡ್ಡೆಯಂತೆ ಕಂಡು ಸೂಜಿ ಹಾಕಿಸುವವರೆಗೂ ಎಳೆಯುತ್ತವೆ. ಶ್ವಾಸಕೋಶದ ವೈದ್ಯರ ಹತ್ತಿರ ಮಾತಾಡಿಯೇ ನಿರ್ಧರಿಸಿ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ನೋಡುವ ಪಿಎಸ್‌ಎ ಕೂಡ ಹಾಗೇ, ಸುಮ್ಮನೆ ಪಟ್ಟಿಗೆ ಸೇರಿಸುವ ಪರೀಕ್ಷೆಯಲ್ಲ. ಮೂತ್ರದ ಸೋಂಕಿದ್ದಾಗ ಏರುತ್ತದೆ, 70 ದಾಟಿದಮೇಲೆ ಬೇಡ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ ಫಿಟ್ ಪರೀಕ್ಷೆ ಇದೆ, ಅದಕ್ಕೆ ಪಥ್ಯವಿಲ್ಲ, ಕಷ್ಟವಿಲ್ಲ. ಆದರೆ ಪಾಸಿಟಿವ್ ಬಂದರೆ ಕೊಲೊನೋಸ್ಕೋಪಿ ಮಾಡಿಸಿಯೇ ತೀರುತ್ತೇವೆ ಅನ್ನುವವರು ಮಾತ್ರ ಮಾಡಿಸಿ. ಮೂಲವ್ಯಾಧಿ ಇದೆ, ಅದರ ರಕ್ತವೇ ಇರಬೇಕು ಅಂತ ಕೈಬಿಡುವುದಾದರೆ ಪರೀಕ್ಷೆ ದಂಡ.

ತಾಯಿಯವರಿಗೆ ಆರು ವರ್ಷದ ಶುಗರ್. ಎರಡನೇ ವಿಧದ ಶುಗರ್ ಗೊತ್ತಾದ ದಿನವೇ ಕಣ್ಣಿನ ಪರದೆ ನೋಡಬೇಕಿತ್ತು, ಆಮೇಲೆ ವರ್ಷಕ್ಕೊಮ್ಮೆ. ಚೆನ್ನಾಗಿ ಕಾಣುತ್ತದೆ ಅನ್ನುವುದು ಸಾಲದು. ಪರದೆಯ ನಟ್ಟನಡುವೆ ನೀರು ತುಂಬುವವರೆಗೆ ಅಥವಾ ರಕ್ತ ಒಡೆಯುವವರೆಗೆ ದೃಷ್ಟಿ ಚೆನ್ನಾಗಿಯೇ ಇರುತ್ತದೆ. ಕನ್ನಡಕದ ಅಂಗಡಿಯಲ್ಲಿ ನಂಬರು ನೋಡುವುದು ಈ ಪರೀಕ್ಷೆಯಲ್ಲ. ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ನೋಡಬೇಕು, ಅಥವಾ ಪರದೆಯ ಫೋಟೋ ತೆಗೆಯಬೇಕು. ಅವತ್ತು ನಾಲ್ಕಾರು ಗಂಟೆ ಬಿಸಿಲು ಚುಚ್ಚುತ್ತದೆ, ಜೊತೆಗೊಬ್ಬರು ಹೋಗಿ.

ಮೂತ್ರದ ಆಲ್ಬುಮಿನ್ ಬೆಳಗಿನ ಮೊದಲ ಮೂತ್ರದಲ್ಲಿ. ರೇಷಿಯೋ 30ಕ್ಕಿಂತ ಹೆಚ್ಚು ಬಂದರೆ ಗಾಬರಿಯಾಗದೆ ಮೂರರಿಂದ ಆರು ತಿಂಗಳಲ್ಲಿ ಮತ್ತೆ ನೋಡಿ, ಮೂರರಲ್ಲಿ ಎರಡು ಸಲ ಹೆಚ್ಚಿದ್ದರೆ ಮಾತ್ರ ಲೆಕ್ಕಕ್ಕೆ. ಜ್ವರ, ಸೋಂಕು, ಹಿಂದಿನ ದಿನದ ಭಾರಿ ದುಡಿಮೆ ಸುಳ್ಳು ಏರಿಕೆ ತರುತ್ತವೆ. ಕಾಲು: ಚಪ್ಪಲಿ ಬಿಚ್ಚಿಸಿ ಬೆರಳ ಸಂದು, ಹಿಮ್ಮಡಿಯ ಸೀಳು ನೋಡಿ, 10 ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ಅಂಗಾಲು ಮುಟ್ಟಿ ಸ್ಪರ್ಶ ಗೊತ್ತಾಗುತ್ತದೆಯೇ ನೋಡಬೇಕು. ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಶುಗರ್) ಜೊತೆ ಹಿಮೋಗ್ಲೋಬಿನ್ ಕೂಡ ಕೇಳಿ. ಕಬ್ಬಿಣಾಂಶ ಕಡಿಮೆ ಇದ್ದರೆ ಎಚ್‌ಬಿಎ1ಸಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ, ಆಗ ಸುಮ್ಮನೆ ಮಾತ್ರೆ ಏರಿಸಿಬಿಡುತ್ತಾರೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಲ್ಲಿ ಬಿ12 ಇಳಿಯುತ್ತದೆ. ಸಸ್ಯಾಹಾರಿಗಳಾಗಿದ್ದು ಕಾಲು ಜೋಮು ಅನ್ನುತ್ತಿದ್ದರೆ ಅದನ್ನೂ ನೋಡಿಸಿ.

ನಿಮಗೆ, 36ಕ್ಕೆ, ಬಿಪಿ, ಶುಗರ್, ಕೊಲೆಸ್ಟ್ರಾಲ್, ಸೊಂಟದ ಸುತ್ತಳತೆ. ಟೇಪನ್ನು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ ಸುತ್ತಿ, ಉಸಿರು ಬಿಟ್ಟಮೇಲೆ ನೋಡಿ. ಪ್ಯಾಂಟಿನ ಸೈಜು ಲೆಕ್ಕವಲ್ಲ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು. ಏನೂ ತೊಂದರೆ ಇಲ್ಲದೆ ಟ್ರೆಡ್‌ಮಿಲ್, ಇಸಿಜಿ, ವಿಟಮಿನ್ ಡಿ ಯಾವುದೂ ಬೇಡ.

ಮನೆಮಂದಿ_ದಾವಣಗೆರೆ

ತುಂಬ ಉಪಕಾರ. ಡಿಸ್ಚಾರ್ಜ್ ಚೀಟಿಯಲ್ಲಿ ಕಣ್ಣಿನ ತಾರೀಖು ಇರಲಿಲ್ಲ. ಫೋನ್ ಮಾಡಿದೆ, ಗುರುವಾರ ಬರಲು ಹೇಳಿದ್ದಾರೆ. ಇನ್ನು ಮೂರು ಪ್ರಶ್ನೆ. ಅಪ್ಪನಿಗೆ ಮೆಡಿಕಲ್ ಶಾಪಿನಲ್ಲಿ ಬಿಪಿ 152/94 ತೋರಿಸಿತು, ಮಾತ್ರೆ ಶುರುಮಾಡಬೇಕೇ? ಹೆಂಡತಿಗೆ ಬಸುರಿಯ ಶುಗರ್ ಹೋಗಿದೆಯಲ್ಲ, ಇನ್ನೇನಾದರೂ ಬೇಕೇ? ಅಮ್ಮ ಗರ್ಭಕೋಶದ ಪರೀಕ್ಷೆ ಅಂದರೆ 'ಈ ವಯಸ್ಸಲ್ಲಿ ನನಗ್ಯಾಕೆ' ಅಂತ ಎದ್ದು ಹೋಗುತ್ತಾರೆ.

ತಾಲ್ಲೂಕು_ವೈದ್ಯ

ನಿಂತುಕೊಂಡು, ನಡೆದು ಬಂದ ಕೂಡಲೇ, ಕೈ ಜೋತುಬಿಟ್ಟು ನೋಡಿದ ಒಂದು ಅಳತೆ ಮೇಲೆ ಮಾತ್ರೆ ಬೇಡ. ಹಾಗಂತ ಮರೆಯುವುದೂ ಬೇಡ. ಮನೆಯಲ್ಲಿ ಏಳು ದಿನ ನೋಡಿ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಹೊಗೆಸೊಪ್ಪು ಇಲ್ಲ. ಮೂತ್ರ ಮಾಡಿ ಬರಲಿ. ಬೆನ್ನಿಗೆ ಒರಗು ಇರುವ ಕುರ್ಚಿ, ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಇಲ್ಲ, ಐದು ನಿಮಿಷ ಸುಮ್ಮನೆ ಕೂರಲಿ. ಅಂಗಿಯ ತೋಳು ಮೇಲಕ್ಕೆ ಸುತ್ತಿ ಬಿಗಿ ಮಾಡಬೇಡಿ, ಅಂಗಿ ತೆಗೆಯಲಿ. ಮುಂಗೈ ಮೇಜಿನ ಮೇಲೆ, ಪಟ್ಟಿ ಎದೆಯ ಮಟ್ಟಕ್ಕೆ. ಅಳೆಯುವಾಗ ಮಾತು ಬೇಡ, ನೀವೂ ಮಾತಾಡಿಸಬೇಡಿ. ಒಂದು ನಿಮಿಷ ಬಿಟ್ಟು ಎರಡನೇ ಸಲ. ಬೆಳಗ್ಗೆ ಎರಡು, ಸಂಜೆ ಎರಡು, ತಾರೀಖಿನ ಜೊತೆ ಬರೆದಿಡಿ. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಅಥವಾ ಮೇಲಿದ್ದರೆ ಬಿಪಿ ಇದೆ ಅಂತಲೇ ಲೆಕ್ಕ. ಆಸ್ಪತ್ರೆಯಲ್ಲಾದರೆ ಬೇರೆ ಬೇರೆ ದಿನ ಎರಡು ಸಲ 140/90.

ಪಟ್ಟಿಯ ಅಳತೆ ಮುಖ್ಯ. ಸಾಮಾನ್ಯ ಪಟ್ಟಿ ಸುಮಾರು 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ. ದಪ್ಪ ತೋಳಿಗೆ ಅದನ್ನೇ ಬಿಗಿದರೆ ಇಲ್ಲದ ಬಿಪಿ ಬರುತ್ತದೆ. ಮೊದಲ ದಿನ ಎರಡೂ ತೋಳಲ್ಲಿ ನೋಡಿ, ಹೆಚ್ಚು ಬಂದ ತೋಳಲ್ಲೇ ಮುಂದುವರಿಸಿ. ಮಣಿಕಟ್ಟಿಗೆ ಕಟ್ಟುವ ಮೆಷೀನು ಕೊಳ್ಳಬೇಡಿ. 180/110 ದಾಟಿದರೆ ಏಳು ದಿನ ಕಾಯದೆ ಅವತ್ತೇ ತೋರಿಸಿ. ಜೊತೆಗೆ ಎದೆನೋವು, ಮಾತು ತೊದಲುವುದು, ಕೈಕಾಲು ಬಲ ಇಳಿಯುವುದು ಇದ್ದರೆ 108.

ಪ್ರಸೂತಿ_ಒಪಿಡಿ

ನಿಮ್ಮ ಹೆಂಡತಿಯವರಿಗೆ ಬೇಕು, ಅದೂ ತಾರೀಖು ಗುರುತು ಹಾಕಿ. ಹೆರಿಗೆಯಾಗಿ ಆರು ವಾರಕ್ಕೆ ಗ್ಲೂಕೋಸ್ ಪರೀಕ್ಷೆ. ರಾತ್ರಿ ಊಟದ ನಂತರ ಖಾಲಿ ಹೊಟ್ಟೆ, ಬೆಳಗ್ಗೆ ಒಮ್ಮೆ ರಕ್ತ. ಆಮೇಲೆ 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿ.ಲೀ. ನೀರಿನಲ್ಲಿ ಕರಗಿಸಿ ಐದು ನಿಮಿಷದಲ್ಲಿ ಕುಡಿದು, ಎರಡು ಗಂಟೆಗೆ ಇನ್ನೊಮ್ಮೆ ರಕ್ತ. ನಡುವೆ ಓಡಾಟ, ತಿಂಡಿ ಇಲ್ಲ. ಮಗುವಿಗೆ ಹಾಲು ಕೊಡಬಹುದು. ಎರಡು ಗಂಟೆಯದ್ದು 140ಕ್ಕಿಂತ ಕಡಿಮೆ ಇರಬೇಕು. 140ರಿಂದ 199 ಇದ್ದರೆ ಎಚ್ಚರಿಕೆ, 200 ಮುಟ್ಟಿದರೆ ಶುಗರ್. ಬರೀ ಖಾಲಿ ಹೊಟ್ಟೆಯದ್ದು ನೋಡಿ ಬಿಟ್ಟರೆ ಹಲವರು ತಪ್ಪಿಹೋಗುತ್ತಾರೆ. ಎಚ್‌ಬಿಎ1ಸಿ ಬಾಣಂತನದಲ್ಲಿ ನಂಬುವಂತಿಲ್ಲ, ಹೆರಿಗೆಯಲ್ಲಿ ರಕ್ತ ಹೋಗಿರುತ್ತದೆ. ನಾರ್ಮಲ್ ಬಂದರೂ ಒಂದರಿಂದ ಮೂರು ವರ್ಷಕ್ಕೊಮ್ಮೆ, ಜೀವನಪೂರ್ತಿ. ಮುಂದಿನ ಬಸುರಿಗೆ ಮೊದಲೂ ಸಹ. ಕೂಸಿನ ಆರೈಕೆಯಲ್ಲಿ ತಾಯಿಯ ಈ ಪರೀಕ್ಷೆ ಬಿಟ್ಟುಹೋಗುವುದೇ ಹೆಚ್ಚು. ಮಗುವಿನ 6 ವಾರದ ಲಸಿಕೆಯ ದಿನವನ್ನೇ ಇದಕ್ಕೂ ಇಟ್ಟುಕೊಳ್ಳಿ. ಲಸಿಕೆಗೆ ಹೇಗೂ ಹೋಗುತ್ತೀರಿ.

ಆಕೆಗೆ 30 ದಾಟಿರುವುದರಿಂದ ಗರ್ಭಕಂಠದ ಸ್ಕ್ರೀನಿಂಗ್ ಶುರುವಾಗಬೇಕು. ಹೆರಿಗೆಯಾಗಿ ಮೂರು ತಿಂಗಳ ಮೇಲೆ ಮಾಡಿಸಿದರೆ ವರದಿ ಸ್ಪಷ್ಟವಾಗಿ ಬರುತ್ತದೆ. ಸರ್ಕಾರಿ ಕೇಂದ್ರಗಳಲ್ಲಿ ವಿಐಎ ಮಾಡುತ್ತಾರೆ: ಅಸಿಟಿಕ್ ಆಮ್ಲದ ತಿಳಿ ದ್ರಾವಣ ಸವರಿ ಒಂದು ನಿಮಿಷ ಕಾದು ಬಿಳಿ ಮಚ್ಚೆ ಏಳುತ್ತದೆಯೇ ನೋಡುವುದು. ಐದು ವರ್ಷಕ್ಕೊಮ್ಮೆ. ಗರ್ಭಕಂಠದ ಜೀವಕೋಶ ಸವರಿ ತೆಗೆದು ನೋಡುವ ಪ್ಯಾಪ್ ಆದರೆ ಮೂರು ವರ್ಷಕ್ಕೊಮ್ಮೆ. ಎಚ್‌ಪಿವಿ ಡಿಎನ್‌ಎ ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಿಂದ ಮೊದಲ ಆಯ್ಕೆಯಾಗಿ ಹೇಳುತ್ತಿದೆ, ಅದು ಐದರಿಂದ ಹತ್ತು ವರ್ಷಕ್ಕೊಮ್ಮೆ. ಪ್ಯಾಪ್‌ಗೆ ಎರಡು ದಿನ ಮೊದಲಿನಿಂದ ಒಳಗೆ ಕ್ರೀಮು, ಮಾತ್ರೆ ಇಡಬಾರದು, ಗಂಡನ ಜೊತೆ ಸೇರಬಾರದು. ಮುಟ್ಟಿನ ದಿನ ಬೇಡ.

ನಿಮ್ಮ ತಾಯಿಯವರ ಮಾತಿಗೆ ಉತ್ತರ: ಸ್ಕ್ರೀನಿಂಗ್ ಇರುವುದು 65ರವರೆಗೆ. ಈವರೆಗೆ ಒಮ್ಮೆಯೂ ಆಗದವರಿಗೇ ಅದರ ಲಾಭ ಹೆಚ್ಚು. ಆದರೆ ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗ ಒಳಕ್ಕೆ ಸರಿದಿರುವುದರಿಂದ ವಿಐಎ ಸರಿಯಾಗಿ ಹೇಳುವುದಿಲ್ಲ. ಅವರಿಗೆ ಎಚ್‌ಪಿವಿ ಪರೀಕ್ಷೆಯೇ ಸೂಕ್ತ. ಅದರ ಮಾದರಿಯನ್ನು ಅವರೇ ತೆಗೆದುಕೊಳ್ಳಬಹುದು, ಯಾರೂ ಮುಟ್ಟಬೇಕಾಗಿಲ್ಲ. ಬಾಗಿಲು ಹಾಕಿಕೊಂಡು, ಹತ್ತಿಯ ಕಡ್ಡಿಯನ್ನು ಕಿಟ್‌ನಲ್ಲಿ ಗುರುತು ಮಾಡಿದಷ್ಟು ಒಳಗೆ ಇಟ್ಟು, ಹೇಳಿದಷ್ಟು ಹೊತ್ತು ನಿಧಾನ ತಿರುಗಿಸಿ, ಟ್ಯೂಬಿಗೆ ಹಾಕಿ ಕೊಟ್ಟರಾಯಿತು. ಸ್ವಂತ ಮಾದರಿ ತಗೋತೀರಾ ಅಂತ ಲ್ಯಾಬಿಗೆ ಮೊದಲೇ ಕೇಳಿ. ಪಾಸಿಟಿವ್ ಅಂದರೆ ಕ್ಯಾನ್ಸರ್ ಅಲ್ಲ, ವೈರಸ್ ಇದೆ, ಹತ್ತಿರದಿಂದ ನೋಡಬೇಕು ಅಂತ ಅಷ್ಟೇ. ಈ ವಿಷಯ ನೀವು ಹೇಳುವುದಕ್ಕಿಂತ ಸೊಸೆ 'ಅತ್ತೆ, ಇಬ್ಬರೂ ಮಾಡಿಸೋಣ' ಅಂದರೆ ಒಪ್ಪುವ ಸಾಧ್ಯತೆ ಹೆಚ್ಚು.

ಸ್ತನಕ್ಕೆ ಕೈಯಿಂದ ಪರೀಕ್ಷೆ ಈಗಲೇ. ಅನುಕೂಲವಿದ್ದರೆ 58ಕ್ಕೆ ಮ್ಯಾಮೋಗ್ರಾಮ್, ಎರಡು ವರ್ಷಕ್ಕೊಮ್ಮೆ. ಅವತ್ತು ಪೌಡರ್, ಡಿಯೋಡರೆಂಟ್ ಹಾಕಿಕೊಳ್ಳಬಾರದು, ಫಿಲ್ಮಿನಲ್ಲಿ ಸುಣ್ಣದ ಚುಕ್ಕಿಯ ಹಾಗೇ ಕಾಣುತ್ತದೆ.

ಎನ್‌ಸಿಡಿ_ಕೌಂಟರ್

ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. 30 ದಾಟಿದವರಿಗೆ ಬಿಪಿ, ಶುಗರ್, ಬಾಯಿ, ಸ್ತನ, ಗರ್ಭಕಂಠ ಈ ಐದೂ ಸರ್ಕಾರಿ ಕೇಂದ್ರದಲ್ಲಿ ಉಚಿತ: ಪಿಎಚ್‌ಸಿ, ಆಯುಷ್ಮಾನ್ ಆರೋಗ್ಯ ಮಂದಿರ, ಪಟ್ಟಣದಲ್ಲಾದರೆ ನಮ್ಮ ಕ್ಲಿನಿಕ್. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಸಿಬ್ಯಾಕ್ ಫಾರಂ ತುಂಬುತ್ತಾರೆ: ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ವ್ಯಾಯಾಮ, ಮನೆತನದ ಕಾಯಿಲೆ. ಅಂಕ ನಾಲ್ಕು ದಾಟಿದವರನ್ನು ಮೊದಲು ಕರೆಯುತ್ತಾರೆ. ನಿಮ್ಮ ತಂದೆಯವರ ಹೊಗೆಸೊಪ್ಪನ್ನು ಅಲ್ಲಿ ಮುಚ್ಚಿಡಬೇಡಿ, ಅದಕ್ಕೂ ಅಂಕ ಇದೆ. ಒಂದು ಸೂಚನೆ: ಬೆರಳು ಚುಚ್ಚಿ ನೋಡುವ ಶುಗರ್ ಸ್ಕ್ರೀನಿಂಗ್‌ಗೆ ಮಾತ್ರ. ಹೆಚ್ಚು ಬಂದರೆ ನರದಿಂದ ತೆಗೆದ ರಕ್ತದಲ್ಲಿ ಖಚಿತಪಡಿಸಬೇಕು: ಖಾಲಿ ಹೊಟ್ಟೆಯಲ್ಲಿ 126 ಅಥವಾ ಮೇಲೆ, ಲಕ್ಷಣ ಇಲ್ಲದವರಲ್ಲಿ ಎರಡು ಸಲ.

ಖಾಸಗಿಯಲ್ಲಿ ಮಾಡಿಸಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮುಂಜಾಗ್ರತಾ ತಪಾಸಣೆಗೆ 5,000 ರೂಪಾಯಿವರೆಗೆ ವಿನಾಯಿತಿ ಇದೆ, ನಗದಾಗಿ ಕೊಟ್ಟಿದ್ದರೂ ಸರಿ. ಅದು ಆರೋಗ್ಯ ವಿಮೆಯ ಒಟ್ಟು ಮಿತಿಯೊಳಗೇ ಬರುತ್ತದೆ.

ಮನೆಮಂದಿ_ದಾವಣಗೆರೆ

ಪ್ಯಾಕೇಜ್ ಕೈಬಿಟ್ಟೆವು. ಗುರುವಾರ ಮಗುವನ್ನು ಕರೆದುಕೊಂಡು ಹೋಗುವಾಗ ಏನಾದರೂ ತಯಾರಿ ಬೇಕೇ? ಹಾಲು ಕುಡಿಸಿಯೇ ಹೋಗಬಹುದಾ?

ಶಿಶು_ವಿಭಾಗ

ಪರೀಕ್ಷೆಗೆ ಒಂದು ಗಂಟೆ ಮೊದಲು ಹಾಲು ಮುಗಿಸಿ. ತೀರಾ ಹತ್ತಿರ ಕುಡಿಸಿದರೆ ಅಳುವಾಗ ವಾಂತಿಯಾಗಿ ಶ್ವಾಸಕ್ಕೆ ಹೋಗಬಹುದು. ಡ್ರಾಪ್ಸನ್ನು ಹತ್ತು ಹದಿನೈದು ನಿಮಿಷ ಬಿಟ್ಟು ಎರಡು ಮೂರು ಸಲ ಹಾಕುತ್ತಾರೆ. ದೊಡ್ಡವರದಕ್ಕಿಂತ ತೆಳುವಾದದ್ದು. ಕೆನ್ನೆಗೆ ಇಳಿದದ್ದನ್ನು ಕೂಡಲೇ ಹತ್ತಿಯಿಂದ ಒರೆಸಿ, ಚರ್ಮಕ್ಕೆ ಇಂಗಿದರೆ ಎದೆಬಡಿತ ಏರುತ್ತದೆ. ಬೆಚ್ಚಗಿನ ಬಟ್ಟೆ ಎರಡು, ಟೋಪಿ, ಡಿಸ್ಚಾರ್ಜ್ ಸಮರಿ ಇರಲಿ. ಎಷ್ಟು ದಿನ ಆಮ್ಲಜನಕ ಕೊಟ್ಟರು ಅಂತ ಅವರು ಕೇಳುತ್ತಾರೆ. ರೆಪ್ಪೆ ಬಿಡಿಸುವ ಸಣ್ಣ ಕ್ಲಿಪ್ ಹಾಕಿದಾಗ ಮಗು ಜೋರಾಗಿ ಅಳುತ್ತದೆ, ಕೆಲವು ನಿಮಿಷ ಅಷ್ಟೇ. ಆಮೇಲೆ ಕಣ್ಣು ಸ್ವಲ್ಪ ಕೆಂಪಾಗಿರುತ್ತದೆ, ತಾನೇ ಇಳಿಯುತ್ತದೆ.

ಈ ಸಲ 'ಸದ್ಯಕ್ಕೆ ಏನೂ ಇಲ್ಲ' ಅಂದರೂ ಮುಗಿಯಿತು ಅಂದುಕೊಳ್ಳಬೇಡಿ. ರಕ್ತನಾಳ ಅಂಚು ಮುಟ್ಟುವವರೆಗೆ ವಾರಕ್ಕೋ ಎರಡು ವಾರಕ್ಕೋ ಮತ್ತೆ ನೋಡುತ್ತಾರೆ. ಮುಂದಿನ ತಾರೀಖನ್ನು ತಾಯಿ ಕಾರ್ಡಿನ ಮೇಲೆ ಅವರ ಕೈಯಲ್ಲೇ ಬರೆಸಿಕೊಂಡು ಬನ್ನಿ. ಅಕ್ಷಿಪಟಲ ಪೂರ್ತಿ ಬೆಳೆದಿದೆ, ಇನ್ನು ಬರಬೇಕಾಗಿಲ್ಲ ಅಂತ ಅವರು ಬರೆದುಕೊಡುವವರೆಗೆ ಒಂದು ತಾರೀಖನ್ನೂ ತಪ್ಪಿಸಬೇಡಿ.